ಬಾತು ಮರಿಯ ಒಂದು ಕಾಲು ಪಕ್ಕಕ್ಕೆ ಜಾರುತ್ತೆ, ಕೊಕ್ಕೂ ಸೊಟ್ಟ. ಏನು ಮಾಡಲಿ?

ತೋಟದಮನೆ:

ನಮ್ಮದು ಹೊಸನಗರದ ಕಡೆ. ಅಡಿಕೆ ತೋಟದ ಕೆಳಗೊಂದು ಸಣ್ಣ ಕೆರೆ, ಅದರಲ್ಲಿ ಊರ ಬಾತುಗಳು. ಮೊಟ್ಟೆ ಇಡೋದರಲ್ಲಿ ಏನೂ ಕಮ್ಮಿ ಇಲ್ಲ, ಕಾವಿಗೆ ಕೂರೋದು ಮಾತ್ರ ಇವಕ್ಕೆ ಆಗಿಬರಲ್ಲ. ಅದಕ್ಕೇ ಬಾತಿನ ಮೊಟ್ಟೆಗಳನ್ನ ನಾಟಿ ಹೇಟೆಯ ಕೆಳಗೆ ಇಡೋದು ನಮ್ಮನೆ ರೂಢಿ. ಕೋಳಿಮೊಟ್ಟೆಗೆ 21 ದಿನ ಸಾಕು, ಬಾತಿಗೆ 28 ಬೇಕು. ಪಾಪ, ಹೇಟೆ ಒಂದು ವಾರ ಜಾಸ್ತಿ ಕೂತು ಸೊರಗಿದೆ. ನಿನ್ನೆ ಮರಿಗಳೆಲ್ಲ ಹೊರಗೆ ಬಂದವು. ಕೊನೆಗೆ ಬಂದ ಒಂದು ಮಾತ್ರ ಸರಿ ಇಲ್ಲ.

ನಿಲ್ಲೋಕೆ ಹೋದರೆ ಎಡಗಾಲು ಪಕ್ಕಕ್ಕೆ ಜಾರಿ ಹೋಗುತ್ತೆ. ಹೊಟ್ಟೆ ನೆಲಕ್ಕೆ ಒತ್ತಿ, ದೋಣಿಗೆ ಹುಟ್ಟು ಹಾಕಿದ ಹಾಗೆ ಆ ಕಾಲಲ್ಲಿ ತಳ್ಳಿಕೊಂಡು ತೆವಳುತ್ತೆ. ಬಲಗಾಲಿನ ಬೆರಳುಗಳು ಒಳಗೆ ಮುದುಡಿವೆ, ಪಾದ ಅಗಲವಾಗಿ ಬಿಚ್ಚಿಕೊಳ್ತಿಲ್ಲ. ಕೊಕ್ಕಿನ ಮೇಲಿನ ಭಾಗ ಒಂದು ಕಡೆ, ಕೆಳಗಿನದು ಇನ್ನೊಂದು ಕಡೆ. ಆದರೆ ಹೊಕ್ಕುಳು ಒಣಗಿದೆ, ಕಣ್ಣು ಚುರುಕಾಗಿದೆ, ಕೂಗಿದರೆ ಮನೆಯೆಲ್ಲ ಕೇಳುತ್ತೆ. ಹೇಟೆ ಅದನ್ನ ಕುಕ್ಕಿ ಕುಕ್ಕಿ ದೂಡುತ್ತಿತ್ತು. ಹಾಗಾಗಿ ಅಡುಗೆಮನೆಯಲ್ಲಿ ರಟ್ಟಿನ ಪೆಟ್ಟಿಗೆಗೆ ಪೇಪರ್ ಹಾಸಿ, ಬಲ್ಬ್ ಹಾಕಿ ಇಟ್ಟಿದ್ದೇನೆ.

ನಮ್ಮ ಅತ್ತೆ ಪ್ರಕಾರ ಇದು ಗುಡುಗಿನ ಕಾಟ, ಮೊಟ್ಟೆ ಬುಟ್ಟಿಯಲ್ಲಿ ಕಬ್ಬಿಣ ಇಡಬೇಕಿತ್ತು. (ಇಟ್ಟಿದ್ದೆ. ಮುರಿದ ಕುಡುಗೋಲಿನ ತುಂಡು ಈಗಲೂ ಬುಟ್ಟಿಯಲ್ಲೇ ಇದೆ. ಅತ್ತೆಗೆ ತೋರಿಸಿದರೆ "ತುಕ್ಕು ಹಿಡಿದಿದ್ದು ನಡೆಯಲ್ಲ" ಅಂದರು.) ಕೋಳಿಗಳಿಗೆ ತಂದ ವೈಮೆರಾಲ್ ಅನ್ನೋ ವಿಟಮಿನ್ ಔಷಧಿ ಮನೆಯಲ್ಲಿದೆ, ಅದು ಸಾಕಾ? ಕಾಲಿಗೆ ಏನಾದರೂ ಕಟ್ಟಬಹುದಾ? ನಮ್ಮೂರಿಂದ ಪೇಟೆಗೆ ಬಸ್ಸು ಇರೋದು ಬೆಳಿಗ್ಗೆ ಒಂದೇ, ಅಷ್ಟರೊಳಗೆ ಮನೆಯಲ್ಲೇ ಏನು ಮಾಡಬಹುದು ಹೇಳಿ.

ಕುಂದಾಪುರದ ಬಾತುಮನೆ:

ಮೊದಲು ಆ ಪೇಪರ್ ತೆಗೀರಿ ಮಾರಾಯ್ರೆ! ಪೇಪರಿನ ಮೇಲೆ ಸರಿ ಇರುವ ಮರಿಯ ಕಾಲೂ ಜಾರ್ತದೆ. ಹಳೇ ಟವೆಲ್ಲೋ ಗೋಣಿ ತುಂಡೋ ಹಾಸಿ, ಉಗುರು ಸಿಕ್ಕುವ ಹಾಗೆ ಇರಬೇಕು. ಗೋಣಿಯ ಎಳೆ ಬಿಟ್ಟಿದ್ದರೆ ಕತ್ತರಿಸಿ ಹಾಕಿ, ಕಾಲಿಗೆ ಸುತ್ತಿಕೊಳ್ತದೆ.

ಜಾರುವ ಕಾಲಿಗೆ ಇವತ್ತೇ ಕಟ್ಟಿ. ಎಲುಬು ಎಳೆಯದಿರುವಾಗ ಮಾತ್ರ ಇದು ಕೂರುವುದು, ವಾರ ಕಳೆದರೆ ಕಷ್ಟ. ಬ್ಯಾಂಡೇಡನ್ನು ಉದ್ದಕ್ಕೆ ಸಪೂರ ಕತ್ತರಿಸಿ. ಮಧ್ಯದ ಹತ್ತಿ ಎರಡು ಕಾಲಿನ ನಡುವೆ ಬರಲಿ, ತುದಿಗಳನ್ನು ಒಂದೊಂದು ಕಾಲಿಗೆ ಸುತ್ತಿ ಅಂಟಿಸಿ. ಕಾಲಿನ ಮಧ್ಯದ ಗಂಟಿನ ಕೆಳಗೆ, ಪಾದದ ಮೇಲೆ. ಎರಡು ಕಾಲಿನ ನಡುವೆ ಹೆಬ್ಬೆರಳಿನ ಅಗಲ ಇರಲಿ, ಅದು ಸಹಜವಾಗಿ ನಿಂತರೆ ಎಷ್ಟು ಅಂತರ ಇರ್ತದೋ ಅಷ್ಟು. ಬಿಗಿ ಮಾಡಬೇಡಿ, ಪಾದ ಊದಿದರೆ ಅಥವಾ ತಣ್ಣಗಾದರೆ ಬಿಚ್ಚಿ ಮತ್ತೆ ಕಟ್ಟಿ. ದಿನಾ ಒಮ್ಮೆ ಬಿಚ್ಚಿ ನೋಡಬೇಕು. ಮೊದಲು ಮುಗ್ಗರಿಸ್ತದೆ, ಬೊಬ್ಬೆ ಹಾಕ್ತದೆ. ಕರಗಬೇಡಿ. ಸಾಮಾನ್ಯವಾಗಿ ಮೂರರಿಂದ ಐದು ದಿನದಲ್ಲಿ ಗೊತ್ತಾಗ್ತದೆ.

ಮುದುಡಿದ ಬೆರಳಿಗೆ ಚಪ್ಪಲಿ. ನಾನು ಹಳೇ ಎಕ್ಸ್‌ರೇ ಹಾಳೆಯಲ್ಲಿ ಮಾಡುವುದು. ಮದುವೆ ಕಾಗದದಲ್ಲಿಯೂ ಮಾಡಬಹುದು, ಆದರೆ ಬಾತು ಅಂದಮೇಲೆ ನೀರು ಚೆಲ್ಲಿಯೇ ಚೆಲ್ತದೆ, ಕಾಗದ ಮೆದುವಾಗ್ತದೆ. ಪಾದ ಬಿಚ್ಚಿದರೆ ಬರುವ ತ್ರಿಕೋನದ ಆಕಾರಕ್ಕೆ ಕತ್ತರಿಸಿ, ಬೆರಳನ್ನು ಒಂದೊಂದಾಗಿ ನೀಟ ಮಾಡಿ ಪೇಪರ್ ಟೇಪಿನಲ್ಲಿ ಅಂಟಿಸಿ. ಇನ್ಸುಲೇಷನ್ ಟೇಪ್ ಬೇಡ, ತೆಗೆಯುವಾಗ ಚರ್ಮವೇ ಬರ್ತದೆ.

ತಾಯಿ ಬಾತುಗಳಿಗೆ ಏನು ಹಾಕ್ತೀರಿ ಹೇಳಲಿಲ್ಲ. ನುಚ್ಚು ಮತ್ತು ಅನ್ನ ಮಾತ್ರವಾ? ಕಡಲೆಕಾಯಿಯಲ್ಲಿ ಬಾತಿಗೆ ಬೇಕಾದ ವಿಟಮಿನ್ ಉಂಟು, ಪುಡಿ ಮಾಡಿ ಮರಿಗೂ ಚೂರು ಹಾಕಿ.

ಗದ್ದೆಬದಿ:

ಬೇಜಾರು ಮಾಡ್ಕೋಬೇಡಿ ಅಕ್ಕಾ. ಇಷ್ಟು ಊನ ಒಟ್ಟಿಗೆ ಇದ್ದರೆ ಬಿಟ್ಟುಬಿಡೋದೇ ವಾಸಿ. ನಾವು ನೂರಾರು ಮರಿ ಬಿಡೋರು, ಒಂದರ ಹಿಂದೆ ಕೂತರೆ ಉಳಿದವನ್ನ ನೋಡೋರು ಯಾರು? ಸಂತೆಯಲ್ಲಿ ಅದಕ್ಕೆ ನಾಲ್ಕಾಣೆ ಬರಲ್ಲ.

ತೋಟದಮನೆ:

ಗದ್ದೆಬದಿಯವರೇ, ನೂರಾರು ಮರಿ ಇದ್ದಿದ್ದರೆ ನಾನೂ ಹಾಗೇ ಅಂತಿದ್ದೆನೋ ಏನೋ. ನಮ್ಮಲ್ಲಿ ಇರೋದೇ ಒಂದು ಬುಟ್ಟಿ. ಸಂತೆಗೆ ಒಯ್ಯೋ ಯೋಚನೆ ಸರಿ ಇರೋ ಮರಿಗಳದ್ದೂ ಇಲ್ಲ.

ಟವೆಲ್ ಹಾಸಿದೆ, ಕಾಲಿಗೆ ಕಟ್ಟಿದೆ. ಮಗಳು ಹಿಡಿದುಕೊಂಡಳು, ನಾನು ಅಂಟಿಸಿದೆ, ಅತ್ತೆ ಪಕ್ಕದಲ್ಲಿ ನಿಂತು "ಬಿಗಿ ಆಯ್ತು, ಬಿಗಿ ಆಯ್ತು" ಅಂತಿದ್ದರು. ಗುಡುಗಿನ ವಿಷಯ ಮರೆತಿದ್ದಾರೆ. ಹೌದು, ದೊಡ್ಡ ಬಾತುಗಳಿಗೆ ನುಚ್ಚು, ಮುಸುರೆ, ಕೆರೆಯಲ್ಲಿ ಸಿಕ್ಕಿದ್ದು, ಅಷ್ಟೇ. ಕಡಲೆಕಾಯಿ ಹೋದ ಮಳೆಗಾಲದ್ದು ಅಟ್ಟದ ಮೇಲಿದೆ, ಸ್ವಲ್ಪ ಮುಗ್ಗಲು ವಾಸನೆ. ಹುರಿದು ಹಾಕಬಹುದಾ?

ಶಿವಮೊಗ್ಗದ ಪಶುವೈದ್ಯ:

ಆ ಕಡಲೆಕಾಯಿಯನ್ನು ದಯವಿಟ್ಟು ಮುಟ್ಟಬೇಡಿ. ಹುರಿದರೂ ಬೇಡ. ಮುಗ್ಗಿದ ಕಡಲೆಕಾಯಿಯಲ್ಲಿ ಬೆಳೆಯುವ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ, ಮನೆಯ ಒಲೆಯ ಬಿಸಿಗೆ ಅದು ಪೂರ್ತಿ ಹೋಗುವುದಿಲ್ಲ. ಈ ವಿಷಕ್ಕೆ ಬಾತು ಮರಿಯಷ್ಟು ಬೇಗ ಬಲಿಯಾಗುವ ಪ್ರಾಣಿ ಕಡಿಮೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ, ಬ್ರೆಜಿಲ್‌ನಿಂದ ಬಂದ ಕಡಲೆಕಾಯಿ ಹಿಂಡಿಯೇ ಕಾರಣವೆಂದು ಗೊತ್ತಾಯಿತು. ಆಗ ಬಾತು ಮರಿಗಳೂ ಸತ್ತಿದ್ದವು. ಮುಂದೆ ಈ ವಿಷವನ್ನು ಪರೀಕ್ಷಿಸಲು ಒಂದು ದಿನದ ಬಾತು ಮರಿಗಳನ್ನೇ ಬಳಸುತ್ತಿದ್ದರು, ಅಷ್ಟು ಸೂಕ್ಷ್ಮ ಅವು. ಮಲೆನಾಡಿನ ಮಳೆಗಾಲದಲ್ಲಿ ಮೆಕ್ಕೆಜೋಳ, ಹಿಂಡಿ ಯಾವುದಕ್ಕೂ ಇದೇ ಮಾತು. ವಾಸನೆ ಬಂದರೆ ಗೊಬ್ಬರದ ಗುಂಡಿಗೆ ಹಾಕಿ.

ಕುಂದಾಪುರದವರು ಹೇಳಿದ ವಿಟಮಿನ್ ನಿಯಾಸಿನ್, ಅಂದರೆ ಬಿ3. ಬಾತು ಮರಿಗೆ ಕೆ.ಜಿ. ಆಹಾರದಲ್ಲಿ ಸುಮಾರು 55 ಮಿ.ಗ್ರಾಂ ಬೇಕು, ಬ್ರಾಯ್ಲರ್ ಕೋಳಿ ಮರಿಗೆ 35ರಷ್ಟು ಸಾಕು. ಹಾಗಾಗಿ ಕೋಳಿ ಸ್ಟಾರ್ಟರ್ (ಕೋಳಿ ಮರಿಗಳ ಮೊದಲ ಫೀಡ್) ಮಾತ್ರ ತಿನ್ನುವ ಬಾತು ಮರಿಗಳಿಗೆ ಕಾಲಿನ ತೊಂದರೆ ಬರುವುದುಂಟು. ನಿಮ್ಮ ಬಾಟಲಿಯ ಮೇಲೆ ಓದಿ ನೋಡಿ: ವೈಮೆರಾಲ್‌ನಲ್ಲಿ ಇರುವುದು ಎ, ಡಿ3, ಇ, ಬಿ12. ಬಿ3 ಇಲ್ಲ. ಮೆಡಿಕಲ್ ಶಾಪಿನಲ್ಲಿ ಬಿ ಕಾಂಪ್ಲೆಕ್ಸ್ ಕೇಳಿ, ಚೀಟಿಯಲ್ಲಿ ನಿಕೋಟಿನಮೈಡ್ (ಬಿ3ಯ ಒಂದು ರೂಪ) ಎಷ್ಟು ಅಂತ ನೋಡಿ. ಲೀಟರ್ ಕುಡಿಯುವ ನೀರಿಗೆ 30ರಿಂದ 40 ಮಿ.ಗ್ರಾಂ ಆಗುವಂತೆ ಕರಗಿಸಿ, ದಿನವೂ ಹೊಸದು ಮಾಡಿ. ಬಿ ಕಾಂಪ್ಲೆಕ್ಸಿನಲ್ಲಿ ಬಿ2 ಕೂಡ ಇರುತ್ತದೆ. ಬೆರಳು ಮುದುಡುವುದಕ್ಕೆ ಅದರ ಕೊರತೆಯೂ ಒಂದು ಕಾರಣ. ಬ್ರೆಡ್ಡಿಗೆ ಹಾಕುವ ಯೀಸ್ಟ್ ಕೊಡಬಹುದಾ ಎಂದು ಕೆಲವರು ಕೇಳುತ್ತಾರೆ. ಅದು ಜೀವಂತ ಯೀಸ್ಟ್, ಕೊಡಬೇಡಿ.

ಇನ್ನೊಂದು ಪರೀಕ್ಷೆ ನೀವೇ ಮಾಡಬಹುದು. ಕಾಲಿನ ಮಧ್ಯದ ಗಂಟಿನ ಹಿಂಭಾಗವನ್ನು ಬೆರಳಲ್ಲಿ ಸವರಿ. ದಾರದಂಥ ಸ್ನಾಯುರಜ್ಜು ಸರಿಯಾಗಿ ನಡುವೆ ಸಿಗಬೇಕು. ಗಂಟು ಊದಿ ಚಪ್ಪಟೆಯಾಗಿದ್ದು, ಆ ದಾರ ಪಕ್ಕಕ್ಕೆ ಸರಿದಿದ್ದರೆ ಅದು ಬೇರೆ ಸಮಸ್ಯೆ. ಬರೀ ಪಟ್ಟಿ ಕಟ್ಟಿದರೆ ಸರಿಹೋಗುವುದಿಲ್ಲ, ಒಂದೆರಡು ದಿನದೊಳಗೆ ವೈದ್ಯರು ಒತ್ತಿ ಕೂರಿಸಬೇಕು. ಹಾಗಿದ್ದರೆ ಬಸ್ಸಿಗೆ ಕಾಯದೆ 1962ಕ್ಕೆ ಫೋನ್ ಮಾಡಿ, ಅದು ಸಂಚಾರಿ ಪಶು ಚಿಕಿತ್ಸೆಯ ಸಹಾಯವಾಣಿ.

ಗದ್ದೆಬದಿಯವರ ಮಾತನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಮರಿ ನೀರು ನುಂಗದಿದ್ದರೆ, ಹೊಕ್ಕುಳಿನಿಂದ ಭಂಡಾರ (ಮೊಟ್ಟೆಯ ಹಳದಿ ಭಾಗ) ಹೊರಗೆ ಬಂದಿದ್ದರೆ, ಎರಡೂ ಕಾಲಿನಲ್ಲಿ ಚಲನೆ ಇಲ್ಲದೆ ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ ನರಳಿಸಬಾರದು, ಆಸ್ಪತ್ರೆಗೆ ತಂದರೆ ನೋವಿಲ್ಲದ ದಾರಿ ಇದೆ. ನಿಮ್ಮ ಮರಿಯ ವರ್ಣನೆ ಹಾಗಿಲ್ಲ.

ತೋಟದಮನೆ:

ಸರ್, ತುಂಬಾ ಉಪಕಾರ. ಗಂಟು ಸವರಿ ನೋಡಿದೆ, ದಾರ ನಡುವೆಯೇ ಇದೆ, ಊತ ಇಲ್ಲ. ಕಡಲೆಕಾಯಿ ಗುಂಡಿಗೆ ಹೋಯ್ತು. ಅಟ್ಟ ಖಾಲಿಯಾಯ್ತು ಅಂತ ಮನೆಯವರಿಗೆ ಖುಷಿ. ಸೊಟ್ಟ ಕೊಕ್ಕಿನ ಬಗ್ಗೆ ಯಾರೂ ಹೇಳಲಿಲ್ಲ. ತಟ್ಟೆಯಲ್ಲಿ ಇಟ್ಟ ಹಿಟ್ಟನ್ನ ಎತ್ತೋಕೆ ಆಗ್ತಾ ಇಲ್ಲ, ಎಲ್ಲ ಪಕ್ಕದಿಂದ ಉದುರುತ್ತೆ. ಒಂದೇ ಇದ್ದರೆ ಕೂಗು ನಿಲ್ಲಿಸಲ್ಲ. ಸ್ವಲ್ಪ ಹೊತ್ತು ನೀರಿಗೆ ಬಿಡಬಹುದಾ?

ಕುಂದಾಪುರದ ಬಾತುಮನೆ:

ಕೊಕ್ಕು ನೇರ ಆಗುವುದು ಅಪರೂಪ, ಅದನ್ನು ಕಟ್ಟಿ ಎಳೆಯಲಿಕ್ಕೆ ಹೋಗಬೇಡಿ. ಪಾತ್ರೆ ಬದಲಾಯಿಸಿ. ತಟ್ಟೆ ಬೇಡ, ಆಳ ಇರುವ ಲೋಟ ಅಥವಾ ಸಣ್ಣ ಚೊಂಬು. ಸ್ಟಾರ್ಟರನ್ನು ನೀರಲ್ಲಿ ನೆನೆಸಿ ಅಂಬಲಿಯ ಹದಕ್ಕೆ ಮಾಡಿ. ಕೊಕ್ಕು ಪೂರ್ತಿ ಒಳಗೆ ಮುಳುಗಿದರೆ ನಾಲಿಗೆಯಲ್ಲೇ ಎಳೆದುಕೊಳ್ತದೆ. ಮೊಟ್ಟೆ ಕೋಳಿಯ ಲೇಯರ್ ಫೀಡ್ ಕೊಡಬೇಡಿ, ಸುಣ್ಣದ ಅಂಶ ಮರಿಗೆ ಜಾಸ್ತಿ ಆಗ್ತದೆ. ಕುಡಿಯುವ ನೀರು ಮೂಗಿನ ತೂತು ಮುಳುಗುವಷ್ಟು ಆಳ ಬೇಕು, ಇಲ್ಲದಿದ್ದರೆ ಹಿಟ್ಟು ಕಟ್ಟಿ ಉಸಿರು ಸಿಕ್ಕುವುದಿಲ್ಲ. ಮೈ ಬೀಳದ ಹಾಗೆ ಪಾತ್ರೆಯೊಳಗೆ ನಾಲ್ಕು ಬೆಣಚುಕಲ್ಲು ಹಾಕಿ. ದೊಡ್ಡದಾದ ಮೇಲೆ ಕೊಕ್ಕಿನ ತುದಿ ಉದ್ದ ಬೆಳೆದರೆ ಉಗುರು ಉಜ್ಜುವ ಪಟ್ಟಿಯಲ್ಲಿ ತುದಿ ಮಾತ್ರ ಉಜ್ಜಿ.

ನೀರಿಗೆ ಬಿಡಿ, ಒಳ್ಳೆಯದು. ಮೈಭಾರ ಇಲ್ಲದೆ ಕಾಲು ಆಡಿಸ್ತದೆ. ಆದರೆ ಕೆರೆಗಲ್ಲ, ಬೇಸಿನ್ನಿಗೆ, ಉಗುರುಬೆಚ್ಚಗಿನ ನೀರು, ನಿಮ್ಮ ಕೈ ಹೊಟ್ಟೆಯ ಕೆಳಗೇ ಇರಬೇಕು. ಬಾತಲ್ಲವಾ, ನೆನೆಯುವುದಿಲ್ಲ ಅಂತ ಎಣಿಸಬೇಡಿ. ತಾಯಿ ಬಾತಿನ ಮೈಗೆ ಉಜ್ಜಿಕೊಂಡು ಬೆಳೆದ ಮರಿಯ ಪುಕ್ಕಕ್ಕೆ ಎಣ್ಣೆ ಹತ್ತಿರ್ತದೆ. ಒಂಟಿ ಮರಿ ಐದು ಹತ್ತು ನಿಮಿಷದಲ್ಲಿ ಒದ್ದೆಯಾಗಿ ಚಳಿ ಹಿಡೀತದೆ. ಒರೆಸಿ ಬಲ್ಬಿನ ಕೆಳಗೆ ಇಡಿ. ಮೊದಲ ವಾರ ಪೆಟ್ಟಿಗೆಯ ಒಂದು ಬದಿ 32 ಡಿಗ್ರಿ ಇರಲಿ, ಇನ್ನೊಂದು ಬದಿ ತಣ್ಣಗೆ, ಅದೇ ಆರಿಸಿಕೊಳ್ಳಲಿ. ಆಮೇಲೆ ವಾರಕ್ಕೆ ಮೂರು ಡಿಗ್ರಿ ಇಳಿಸಿ. ಕರೆಂಟು ಹೋದರೆ ಬಿಸಿನೀರಿನ ಬಾಟ್ಲಿಗೆ ಬಟ್ಟೆ ಸುತ್ತಿ ಇಡಿ.

ಕೂಗಿಗೆ ಮದ್ದು ಜೊತೆ. ಸರಿ ಇರುವ ಮರಿಗಳಲ್ಲಿ ಪಾಪದ್ದು ಒಂದನ್ನು ತಂದು, ನಡುವೆ ಜಾಲರಿ ಹಾಕಿ ಪಕ್ಕ ಮಲಗಿಸಿ.

ತೋಟದಮನೆ:

ಇವತ್ತಿನ ವರದಿ. ಪಟ್ಟಿ ತೆಗೆದಾಯ್ತು, ಎಡಗಾಲು ನಿಂತಿದೆ, ಓಡುವಾಗ ಸ್ವಲ್ಪ ಹೊರಗೆ ಹೋಗುತ್ತೆ. ಎಕ್ಸ್‌ರೇ ಚಪ್ಪಲಿ (ಮಾವನವರ ಸೊಂಟದ ಎಕ್ಸ್‌ರೇ, ಅವರ ಒಪ್ಪಿಗೆ ಪಡೆದೇ ಕತ್ತರಿಸಿದ್ದು) ಎರಡು ಸಲ ಬದಲಾಯಿಸಿದೆ. ಎರಡು ಬೆರಳು ಬಿಚ್ಚಿವೆ, ಹೊರಬದಿಯದು ಮುದುಡಿಯೇ ಇದೆ. ಕೊಕ್ಕು ಹಾಗೇ ಇದೆ, ಆದರೆ ಚೊಂಬಿನೊಳಗೆ ತಲೆ ಹಾಕಿ ಉಳಿದವಕ್ಕಿಂತ ಜಾಸ್ತಿ ತಿನ್ನುತ್ತೆ. ಜಾಲರಿ ತೆಗೆದಿದ್ದೇನೆ, ಜೊತೆ ಮರಿ ಕುಕ್ಕುತ್ತಿಲ್ಲ.

ಇದು ದೊಡ್ಡದಾದ ಮೇಲೆ ಇದರ ಮೊಟ್ಟೆ ಕಾವಿಗೆ ಇಡಬಹುದಾ? ಉಳಿದ ಬಾತುಗಳ ಮೊಟ್ಟೆ ಯಾವಾಗ ಇಡಲಿ?

ಶಿವಮೊಗ್ಗದ ಪಶುವೈದ್ಯ:

ಇದರದ್ದು ಬೇಡ, ತಿನ್ನಲು ಬಳಸಿ. ಸೊಟ್ಟ ಕೊಕ್ಕಿಗೆ ಕಾವಿನ ದೋಷ ಕಾರಣ ಇರಬಹುದು, ವಂಶದಿಂದಲೂ ಬರಬಹುದು, ನೋಡಿ ಬೇರ್ಪಡಿಸಲು ಆಗುವುದಿಲ್ಲ. ದೊಡ್ಡವಕ್ಕೆ ನುಚ್ಚಿನ ಜೊತೆ ಒಳ್ಳೆಯ ಫೀಡ್ ಶುರು ಮಾಡಿ ಮೂರು ನಾಲ್ಕು ವಾರ ಆದಮೇಲೆ ಮೊಟ್ಟೆ ಆರಿಸಿ. ಹೇಟೆಗೆ ಈ ಸಲ ರಜೆ ಕೊಟ್ಟು, ಬೇರೆ ಕೋಳಿ ಕೂರಿಸಿ.