1994ರ ಆ ಎರಡು ಒದೆತಗಳು: ಲೂಯಿ ಪಸಾಗ್ಲಿಯಾ ಆಟ ನೋಡಿದವರು ಇದ್ದೀರಾ?

ತೀರ್ಥಹಳ್ಳಿ ಮೇಷ್ಟ್ರು:

ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕನಾಗಿದ್ದು, ಈಗ ತೀರ್ಥಹಳ್ಳಿಯ ಹತ್ತಿರ ತೋಟ ನೋಡಿಕೊಂಡಿದ್ದೇನೆ. ನನ್ನ ಅಕ್ಕ, ಭಾವ ವ್ಯಾಂಕೂವರ್‌ನಲ್ಲಿದ್ದರು. 1995ರ ಬೇಸಿಗೆಯಲ್ಲಿ ಊರಿಗೆ ಬಂದ ಭಾವ ಒಂದು ವಿಡಿಯೊ ಕ್ಯಾಸೆಟ್ ತಂದರು. ಹಿಂದಿನ ನವೆಂಬರ್ 27ರಂದು ವ್ಯಾಂಕೂವರ್‌ನಲ್ಲೇ ನಡೆದ ಗ್ರೇ ಕಪ್ ಫೈನಲ್ ಪಂದ್ಯ. ಕೆನಡಾದವರು ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟಕ್ಕೂ ಫುಟ್‌ಬಾಲ್ ಎಂದೇ ಹೇಳುತ್ತಾರೆ. ನಮ್ಮ ಟಿ.ವಿ.ಯಲ್ಲಿ ಚಿತ್ರ ಕಪ್ಪುಬಿಳುಪಾಗಿ, ನಡುಗುತ್ತ ಬಂತು. ಆದರೂ ಕಣ್ಣು ಕೀಳಲಾಗಲಿಲ್ಲ.

ವ್ಯಾಂಕೂವರ್‌ನ ಬಿ.ಸಿ. ಲಯನ್ಸ್, ಅಮೆರಿಕದ ಬಾಲ್ಟಿಮೋರ್: ಎರಡೂ ತಂಡಗಳು 23 ಅಂಕದಲ್ಲಿ ಸಮ. ಲಯನ್ಸ್ ತಂಡದ ಐದನೇ ನಂಬರಿನ ಲೂಯಿ ಪಸಾಗ್ಲಿಯಾ 37 ಗಜದಿಂದ ಒದ್ದರು. ತಪ್ಪಿತು. ಉಳಿದದ್ದು ಒಂದು ನಿಮಿಷ. ಅಷ್ಟರಲ್ಲೇ ಅವರು ಮತ್ತೆ ಬಂದು ನಿಂತರು, ಈಗ 38 ಗಜ. ಚೆಂಡು ಎರಡು ಕಂಬಗಳ ನಡುವೆ ಹೋಯಿತು, ಪಂದ್ಯ ಮುಗಿಯಿತು. 26–23. ಅವರಿಗಾಗ ನಲವತ್ತು ವರ್ಷ.

ನನ್ನ ಪ್ರಶ್ನೆ ಇದು. ಕಂಬಗಳ ನಡುವೆ ಹೋಗದಿದ್ದರೂ ಚೆಂಡು ಗೋಲ್ ಗೆರೆ ದಾಟಿದರೆ ಒಂದು ಅಂಕ ಉಂಟು ಎಂದು ಭಾವ ಹೇಳಿದ್ದರು. ಹಾಗಾದರೆ ಮೊದಲ ಒದೆತಕ್ಕೇ ಲಯನ್ಸ್ ಗೆಲ್ಲಬೇಕಿತ್ತಲ್ಲ? ಕೇಳೋಣವೆಂದರೆ ಭಾವ ಈಗಿಲ್ಲ. ಕ್ಯಾಸೆಟ್ ಮಳೆಗಾಲದಲ್ಲಿ ಬೂಷ್ಟು ಹಿಡಿದು ಎಂದೋ ಹಾಳಾಯಿತು.

ಸಾಗರದಿಂದ ಟೊರಾಂಟೊ:

ಮೇಷ್ಟ್ರೇ, ನಮಸ್ಕಾರ. ನಿಮ್ಮ ಭಾವನವರು ಹೇಳಿದ್ದು ಅರ್ಧ ಸರಿ. ಆಗಿನ ನಿಯಮದಲ್ಲಿ ಗೆರೆ ದಾಟಿದ ಮಾತ್ರಕ್ಕೆ ಅಂಕ ಬರುತ್ತಿರಲಿಲ್ಲ. ಗೆರೆಯ ಹಿಂದೆ 20 ಗಜದ ಅಂಕಣವಿತ್ತು. ಅಲ್ಲಿ ಬಿದ್ದ ಚೆಂಡನ್ನು ಎದುರಾಳಿಗಳು ಮೈದಾನಕ್ಕೆ ತರಲಾಗದಿದ್ದರೆ, ಇಲ್ಲವೇ ಚೆಂಡು ಆ ಅಂಕಣವನ್ನೂ ದಾಟಿ ಹೋದರೆ ಮಾತ್ರ ಒಂದು ಅಂಕ. ಇದಕ್ಕೆ ರೂಜ್ ಎಂದು ಹೆಸರು.

ಅಂದು ಬಾಲ್ಟಿಮೋರ್ ಆಟಗಾರ ಚೆಂಡನ್ನು ಹಿಡಿದು ಆ ಅಂಕಣದಿಂದ ಮೈದಾನಕ್ಕೆ ಓಡಿದ, ಲಯನ್ಸ್‌ಗೆ ಅಂಕ ತಪ್ಪಿತು. ಆದರೆ ಅವನ ತಂಡ ತನ್ನದೇ ಗೋಲಿನ ಬಾಗಿಲಲ್ಲಿ ಸಿಕ್ಕಿಬಿದ್ದಿತು. ಅಲ್ಲಿಂದ ಮುಂದೆ ಸಾಗಲಾಗದೆ ಚೆಂಡನ್ನು ಒದ್ದು ಬಿಟ್ಟುಕೊಟ್ಟರು. ಲಯನ್ಸ್‌ಗೆ ಅದು ಕೂಗಳತೆಯಲ್ಲೇ ಸಿಕ್ಕಿತು. ತಪ್ಪಿದ ಒದೆತವೇ ಎರಡನೆಯದಕ್ಕೆ ಜಾಗ ಮಾಡಿಕೊಟ್ಟಿತ್ತು.

ತುಂಗಾತೀರ:

ಮೇಷ್ಟ್ರ ಮಾತಿಗೆ ನನ್ನದೊಂದು ತಕರಾರಿದೆ. ಪಸಾಗ್ಲಿಯಾ ಅವರನ್ನು ಆ ಒಂದು ಸಂಜೆಗಾಗಿ ಮಾತ್ರ ನೆನೆಯಬಾರದು. ಶಿವಮೊಗ್ಗದ ನೆಹರೂ ಕ್ರೀಡಾಂಗಣದಲ್ಲಿ ನಾನು ಬೆಳಿಗ್ಗೆ ಮಕ್ಕಳಿಗೆ ಆಟ ಹೇಳಿಕೊಡುತ್ತೇನೆ. ನೆಲದ ಮೇಲೆ ನಿಲ್ಲಿಸಿದ ಚೆಂಡನ್ನು ಒದೆಯುವುದೂ ಕೈಯಿಂದ ಬಿಟ್ಟು ಒದೆಯುವುದೂ ಒಂದೇ ಕಾಲಿನ ಕೆಲಸ, ಆದರೆ ಒಂದೇ ಅಭ್ಯಾಸವಲ್ಲ. ಕೈಯಿಂದ ಬಿಡುವಾಗ ಚೆಂಡಿನ ಮೂತಿ ಒಂದು ಬೆರಳಿನಷ್ಟು ವಾಲಿದರೂ ಅದು ಎತ್ತಲೋ ಹಾರುತ್ತದೆ. ಒಂದರಲ್ಲಿ ಪಳಗಿದ ಕಾಲು ಇನ್ನೊಂದರಲ್ಲಿ ಎಡವುವುದನ್ನು ದಿನವೂ ನೋಡುತ್ತೇನೆ.

ಅವರು ಈ ಎರಡನ್ನೂ ಒಂದೇ ತಂಡಕ್ಕಾಗಿ 1976ರಿಂದ 2000ದವರೆಗೆ, 25 ಋತು ಮಾಡಿದರು. ಆರಂಭದಲ್ಲಿ ಓಡಿ ಚೆಂಡು ಹಿಡಿಯುವ ಆಟಗಾರರೂ ಆಗಿದ್ದರು. ಒಟ್ಟು 3,991 ಅಂಕ. ನನ್ನನ್ನು ಬೆರಗುಗೊಳಿಸುವುದು ಕೊನೆಯ ವರ್ಷ: 46ರ ವಯಸ್ಸಿನಲ್ಲಿ 44 ಸಲ ಪ್ರಯತ್ನಿಸಿ 40 ಫೀಲ್ಡ್ ಗೋಲ್ (ಚೆಂಡನ್ನು ಕಂಬಗಳ ನಡುವೆ ಒದೆಯುವುದು) ಹೊಡೆದು, ಕಪ್ ಗೆದ್ದು ಆಟ ಬಿಟ್ಟರು.

ತೀರ್ಥಹಳ್ಳಿ ಮೇಷ್ಟ್ರು:

ಇಬ್ಬರಿಗೂ ಋಣಿ. ತುಂಗಾತೀರ ಅವರ ತಕರಾರನ್ನು ಒಪ್ಪಿಕೊಂಡೆ.

ಈಗ ಏಕೆ ಕೇಳಿದೆನೆಂದರೆ, ನನ್ನ ಮೊಮ್ಮಗ ಕಳೆದ ವಾರ ತಾಲ್ಲೂಕು ಮಟ್ಟದ ಪಂದ್ಯದಲ್ಲಿ ಪೆನಾಲ್ಟಿ ತಪ್ಪಿ ಬಂದ. ಕೆಸರು ಮೆತ್ತಿದ ಬೂಟನ್ನೂ ಬಿಚ್ಚದೆ ಜಗಲಿಯ ಮೂಲೆಯಲ್ಲಿ ಕುಳಿತಿದ್ದ. ಪಕ್ಕದಲ್ಲಿ ಕುಳಿತು ಈ ಕಥೆ ಹೇಳಿದೆ. ಗೆದ್ದ ಒದೆತದ ಬಗ್ಗೆ ಅವನು ಒಂದು ಮಾತೂ ಕೇಳಲಿಲ್ಲ. "ಅಜ್ಜ, ಮೊದಲು ತಪ್ಪಿದ ಚೆಂಡು ಎಲ್ಲಿಗೆ ಹೋಯಿತು?" ಎಂದ. ನನ್ನಲ್ಲಿ ಉತ್ತರವಿರಲಿಲ್ಲ.

ಅಂಗಳದ ಆಚೆ ಎರಡು ಅಡಿಕೆ ದಬ್ಬೆ ನೆಟ್ಟಿದ್ದೇನೆ. ಮಳೆ ಹೊಳವಾಗಲಿ, ಅದರ ಹಿಂದೆ ಆ 20 ಗಜದ ಅಂಕಣವನ್ನೂ ಅಳೆದು ಗೆರೆ ಎಳೆದು ಅವನಿಗೆ ತೋರಿಸುತ್ತೇನೆ.