ವ್ಯಾನಿನ ಸ್ಕೈಲೈಟ್ ಹಳದಿ ಕಟ್ಟಿ ಮಬ್ಬಾಗಿದೆ, ಉಳಿಸಬಹುದಾ?

ವಿಜಯಪುರದ ವ್ಯಾನ್:
ನಮಸ್ಕಾರ. ಹಳೆಯ ಮಿನಿ ಬಸ್ಸನ್ನು ನಾವೇ ಕ್ಯಾಂಪರ್ (ಒಳಗೇ ಮಲಗಿ ಉಳಿಯುವ ವ್ಯಾನ್) ಮಾಡಿಕೊಂಡು ಬಾದಾಮಿ, ಪಟ್ಟದಕಲ್ಲು, ಆಲಮಟ್ಟಿ ಕಡೆ ಓಡಾಡುತ್ತೇವೆ. ಟಾಪ್ ಮೇಲೆ 14 ಇಂಚಿನ ಚೌಕದ ಪ್ಲಾಸ್ಟಿಕ್ ಸ್ಕೈಲೈಟ್ ಇದೆ. ಆರು ಬೇಸಿಗೆ ಬಿಸಿಲು ತಿಂದಿದೆ. ಈಗ ಚಹಾದ ಬಣ್ಣಕ್ಕೆ ತಿರುಗಿದೆ, ಹೊರಗಿನಿಂದ ಬೆರಳಾಡಿಸಿದರೆ ಒರಟು. ಬೋರ್ ನೀರಿನಿಂದ ತೊಳೆದು ತೊಳೆದು ಬಿಳಿ ಕಲೆ ಬೇರೆ. ಒಂದು ಅಂಗಡಿಯವರು ಥಿನ್ನರ್ ಹಚ್ಚಿ ಒರೆಸಿ ಅಂದರು. ಒಂದು ಮೂಲೆಯಲ್ಲಿ ಒರೆಸಿದೆ. ಆ ಜಾಗ ಹಾಲಿನಂತೆ ಬೆಳ್ಳಗಾಗಿ, ಕೂದಲೆಳೆಯಂಥ ಗೆರೆ ಮೂಡಿವೆ. ಕಳೆದ ಮಳೆಗಾಲದಲ್ಲಿ ಅದೇ ಮೂಲೆಯಿಂದ ನೀರೂ ತೊಟ್ಟಿಕ್ಕಿತ್ತು. ಮಿರಗಾ ಮಳೆ ಬರೋದರೊಳಗೆ ಸರಿ ಮಾಡಬೇಕು. ಮಗಳು ರಾತ್ರಿ ಅದರ ಕೆಳಗೇ ಮಲಗುತ್ತಾಳೆ, ಅವಳಿಗೆ ಚುಕ್ಕಿ ಕಾಣಬೇಕು.

ಬೆಳಗಾವಿ ಹೆಡ್‌ಲೈಟ್:
ಅಣ್ಣಾ, ಮೊದಲು ಥಿನ್ನರ್ ಬಾಟಲಿ ದೂರ ಇಡಿ. ಪೆಟ್ರೋಲ್, ಅಸಿಟೋನ್, ಅಮೋನಿಯಾ ಇರುವ ಗಾಜಿನ ಕ್ಲೀನರ್, ಯಾವುದೂ ಬೇಡ.

ಎರಡು ವಿಷಯ ನೋಡಿ ಹೇಳಿ. ಅಂಚಿನಲ್ಲಿ ಅಚ್ಚೊತ್ತಿದ ಅಕ್ಷರ ಇದೆಯಾ? ಪಿಸಿ ಅಂತಿದ್ದರೆ ಪಾಲಿಕಾರ್ಬೊನೇಟ್, ಪಿಎಂಎಂಎ ಅಂತಿದ್ದರೆ ಅಕ್ರಿಲಿಕ್. ಆಮೇಲೆ ಮೇಲೆ ನೀರು ಹನಿಸಿ ಒಳಗಿನಿಂದ ನೋಡಿ. ಒದ್ದೆಯಾದಾಗ ಮಬ್ಬು ಹೋಗಿ ತಿಳಿಯಾಗಿ ಕಂಡರೆ ಹಾಳಾಗಿರುವುದು ಮೇಲ್ಪದರ ಮಾತ್ರ. ಒದ್ದೆಯಾದರೂ ಹಾಗೇ ಇದ್ದರೆ ಒಳಗೂ ಇಳಿದಿದೆ, ಬದಲಾಯಿಸುವುದೇ ಲೇಸು.

ವಿಜಯಪುರದ ವ್ಯಾನ್:
ಪಿಸಿ ಅಂತಿದೆ. ನೀರು ಹಾಕಿದಾಗ ಬಹಳ ತಿಳಿಯಾಯಿತು, ಸ್ವಲ್ಪ ಹಳದಿ ಮಾತ್ರ ಉಳಿಯಿತು.

ಬೆಳಗಾವಿ ಹೆಡ್‌ಲೈಟ್:
ಹಾಗಾದರೆ ಉಳಿಯುತ್ತದೆ. ಇದು ಕೊಳೆ ಅಲ್ಲ, ಅಲ್ವಾ? ಬಿಸಿಲಿನ ನೇರಳಾತೀತ ಕಿರಣ ಮೇಲ್ಮೈಯನ್ನೇ ಸುಟ್ಟಿದೆ. ಸುಮ್ನೆ ತಿಕ್ಕಿದರೆ ಹೋಗಲ್ಲ, ಆ ಪದರವನ್ನೇ ತೆಗೆಯಬೇಕು. ಕಾರಿನ ಹೆಡ್‌ಲೈಟ್ ಗಾಜೂ ಪಾಲಿಕಾರ್ಬೊನೇಟೇ. ನಾನು ದಿನಾ ಮಾಡುವ ಕೆಲಸ ಇದೇ.

ಬೆಳಿಗ್ಗೆ ಬೇಗ, ನೆರಳಲ್ಲಿ ಶುರು ಮಾಡಿ. ಕಾದ ಪ್ಲಾಸ್ಟಿಕ್ ಮೇಲೆ ಸೋಪಿನ ನೀರು ಅಲ್ಲೇ ಒಣಗುತ್ತದೆ. ಮೊದಲು ಜಾಸ್ತಿ ನೀರು ಸುರಿದು ಎರೆಮಣ್ಣಿನ ಧೂಳು ಇಳಿಸಿ. ಧೂಳಿರುವಾಗಲೇ ಬಟ್ಟೆ ಆಡಿಸಿದರೆ ಗೀರು ಗ್ಯಾರಂಟಿ. ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ, ಮೆತ್ತನೆ ಮೈಕ್ರೋಫೈಬರ್ ಬಟ್ಟೆ. ಬೋರ್ ನೀರಿನ ಕಲೆಗೆ ನೀರು ಬೆರೆಸಿದ ಬಿಳಿ ವಿನೆಗರ್ ಹಚ್ಚಿ, ಎರಡು ನಿಮಿಷ ಬಿಟ್ಟು ತೊಳೆಯಿರಿ.

ಸುತ್ತ ಪೇಂಟಿಗೆ ಮಾಸ್ಕಿಂಗ್ ಟೇಪ್ ಹಚ್ಚಿ, ವಾಟರ್ ಪೇಪರ್ (ನೀರು ಹಾಕಿ ತಿಕ್ಕುವ ಉಜ್ಜುಕಾಗದ) ಹಿಡಿಯಿರಿ. ನಂಬರ್ 800, 1000, 1500, 2000, ಸಿಕ್ಕರೆ 3000, ನಂಬರ್ ಏರಿದಷ್ಟೂ ನಯ. ಪ್ರತಿ ಸಲ ನೀರು ಹಾಕುತ್ತಲೇ ಇರಬೇಕು. ಒಂದು ನಂಬರ್ ಅಡ್ಡ ತಿಕ್ಕಿದರೆ ಮುಂದಿನದು ಉದ್ದ. ಹಿಂದಿನ ಗೀರು ಪೂರ್ತಿ ಹೋಗುವ ತನಕ ಮುಂದಿನ ಪೇಪರ್ ಮುಟ್ಟಬೇಡಿ. ಅವಸರ ಮಾಡಿದವರ ಕೆಲಸ ಇಲ್ಲೇ ಕೆಡುತ್ತದೆ. 800 ಮುಗಿದಾಗ ಮೊದಲಿಗಿಂತ ಕೆಟ್ಟದಾಗಿ ಕಾಣುತ್ತದೆ, ಹೆದರಬೇಡಿ. ಕೊನೆಗೆ ಪ್ಲಾಸ್ಟಿಕ್ ಪಾಲಿಶ್. ಮಷೀನ್ ಇದ್ದರೆ ನಿಧಾನ ಸ್ಪೀಡು, ಒಂದೇ ಕಡೆ ನಿಲ್ಲಿಸಬೇಡಿ, ಕಾದು ಮೆತ್ತಗಾಗುತ್ತದೆ.

ಇನ್ನು ಮುಖ್ಯ ಮಾತು. ತಿಕ್ಕಿದಾಗ ಕಂಪನಿಯವರು ಕೊಟ್ಟ ಬಿಸಿಲು ತಡೆಯುವ ಪದರದಲ್ಲಿ ಉಳಿದದ್ದೂ ಹೋಗುತ್ತದೆ. ಹೆಡ್‌ಲೈಟಿಗೆ ಹಚ್ಚುವ ಯುವಿ ಕೋಟಿಂಗ್ ಅದೇ ದಿನ ಹಚ್ಚಲೇಬೇಕು. ಬಿಟ್ಟರೆ ಮತ್ತೆ ಬೇಗ ಹಳದಿಯಾಗುತ್ತದೆ, ಪಟ್ಟ ಕಷ್ಟವೆಲ್ಲ ನೀರಲ್ಲಿ ಹೋಮ.

ಬಾಗಲಕೋಟೆ ಬೋರ್ಡ್:
ನಾನು ನೇಮ್ ಬೋರ್ಡ್ ಮಾಡುವವನು, ದಿನವಿಡೀ ಈ ಶೀಟುಗಳ ಜೊತೆಗೇ ಇರುತ್ತೇನೆ. ಮೇಲಿನ ಅಣ್ಣಾರು ಹೇಳಿದ್ದು ಸರಿ. ಬೇರೆಯವರು ಓದುತ್ತಿದ್ದರೆ ಒಂದು ಮಾತು: ಅಕ್ರಿಲಿಕ್ ಆಗಿದ್ದರೆ ಸ್ಪಿರಿಟ್, ಸ್ಯಾನಿಟೈಸರ್ ಕೂಡ ಹಚ್ಚಬೇಡಿ, ಬಿರುಕು ಬಿಡುತ್ತದೆ. ಎರಡು ಪದರದ, ಒಳಗೆ ಟೊಳ್ಳಿರುವ ಶೀಟನ್ನು ತಿಕ್ಕಬೇಡಿ, ಅದು ಬಹಳ ತೆಳು.

ವಿಜಯಪುರದ ಅಣ್ಣಾರೇ, ಸೋರುವ ಮೂಲೆಯ ಸ್ಕ್ರೂ ನೋಡಿದಿರಾ? 14 ಇಂಚಿನ ಪಾಲಿಕಾರ್ಬೊನೇಟ್ ಕಾವು 40 ಡಿಗ್ರಿಯಷ್ಟು ಹೆಚ್ಚಿದರೆ ಸುಮಾರು ಒಂದು ಮಿಲಿಮೀಟರ್ ಹಿಗ್ಗುತ್ತದೆ, ರಾತ್ರಿ ಮತ್ತೆ ಕುಗ್ಗುತ್ತದೆ. ಸ್ಕ್ರೂ ಬಿಗಿದುಬಿಟ್ಟಿದ್ದರೆ ತೂತಿನ ಸುತ್ತ ಸೀಳುತ್ತದೆ. ತೂತು ಸ್ಕ್ರೂಗಿಂತ ತುಸು ದೊಡ್ಡದಿರಲಿ, ಕೆಳಗೆ ರಬ್ಬರ್ ವಾಷರ್ ಹಾಕಿ, ಕೈಬಿಗಿಗೆ ನಿಲ್ಲಿಸಿ. ಹಳೆಯ ಸೀಲಂಟನ್ನು ಬ್ಲೇಡಿನಿಂದಲ್ಲ, ಪ್ಲಾಸ್ಟಿಕ್ ಪಟ್ಟಿಯಿಂದ ಎಬ್ಬಿಸಿ. ಫ್ರೇಮಿನ ಕೆಳಗೆ ಬ್ಯೂಟೈಲ್ ಟೇಪ್ (ಮೆತ್ತನೆ ಅಂಟು ರಬ್ಬರ್ ಪಟ್ಟಿ), ಅಂಚಿಗೆ ನ್ಯೂಟ್ರಲ್ ಸಿಲಿಕೋನ್. ಹಚ್ಚುವಾಗ ವಿನೆಗರ್ ವಾಸನೆ ಬರುವ ಸಿಲಿಕೋನ್ ಪಾಲಿಕಾರ್ಬೊನೇಟಿಗೆ ಆಗಿಬರಲ್ಲ.

ವಿಜಯಪುರದ ವ್ಯಾನ್:
ಭಾನುವಾರ ಆರು ಗಂಟೆಗೇ ಕುಳಿತೆ. ಮೂರೂವರೆ ತಾಸು ಹಿಡಿಯಿತು. ಹಳದಿ ಹೋಯಿತು! ಬೇವಿನ ಮರದ ಎಲೆ ಒಂದೊಂದೂ ಕಾಣುತ್ತಿದೆ. ಥಿನ್ನರ್ ಬಿದ್ದ ಮೂಲೆ ಮಾತ್ರ ಮಬ್ಬಾಗೇ ಉಳಿಯಿತು, ಗೆರೆ ಒಳಗೆ ಇಳಿದಿವೆ. ಸ್ಕ್ರೂ ಹತ್ತಿರ ಸೀಳು ಇತ್ತು, ನೀವು ಹೇಳಿದ್ದೇ ನಿಜ. ಬ್ಯೂಟೈಲ್ ಟೇಪ್ ಹಾಕಿ ಕೂರಿಸಿದೆ. ಹತ್ತು ಕೊಡ ನೀರು ಸುರಿದೆ, ಒಂದು ಹನಿಯೂ ಒಳಗೆ ಬರಲಿಲ್ಲ. ಇನ್ನು ಕೋಟಿಂಗ್ ಮತ್ತೆ ಯಾವಾಗ ಹಚ್ಚಬೇಕು?

ಬೆಳಗಾವಿ ಹೆಡ್‌ಲೈಟ್:
ಬಹಳ ಖುಷಿಯಾಯಿತು. ಯುಗಾದಿ ಹೊತ್ತಿಗೆ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ನೀರು ಹಾಕಿ ನೋಡಿ. ಹನಿ ಮುತ್ತಿನಂತೆ ನಿಲ್ಲದೆ ಹರಡಿಕೊಂಡರೆ ಕೋಟಿಂಗ್ ಸವೆದಿರಬಹುದು, ಮತ್ತೆ ಹಚ್ಚಿ. ವ್ಯಾನ್ ನಿಂತಿರುವಾಗ ಮೇಲೊಂದು ಬಿಳಿ ಟಾರ್ಪಾಲ್ ಹಾಕಿ. ಆ ಸೀಳಿನ ತುದಿಗೆ ಮಾರ್ಕರ್‌ನಿಂದ ಗುರುತು ಮಾಡಿ ಇಡಿ. ಗುರುತು ದಾಟಿ ಬೆಳೆದರೆ ಹೊಸ ಮುಚ್ಚಳ ತರಿಸಿಬಿಡಿ, ಮಗು ಕೆಳಗೆ ಮಲಗುತ್ತದೆ.