ಸೋಡಿಯಂ ಹಾಕದ ಟ್ಯೂಬಿನ್ಯಾಗೂ ಪ್ರೋಲೀನ್ ಒಳಗ ಹೋಗಾಕತ್ತೈತಿ, ಎಲ್ಲಿ ತಪ್ಪಾಗೇತಿ?

ಪುಣೆ_ಬಯೋಕೆಮ್:
ನಮಸ್ಕಾರ ರೀ ಎಲ್ಲಾರಿಗೂ. ನಾ ಧಾರವಾಡದಾಕಿ, ಪುಣೆದಾಗ ಎಂಎಸ್ಸಿ ಪ್ರಾಜೆಕ್ಟ್ ಮಾಡಾಕತ್ತೀನಿ. ಇ. ಕೋಲೈ ಪೊರಿಯೊಳಗ ಪುಟ್‌ಪಿ ಅಂತ ಪ್ರೋಟೀನ್ ಐತಲ್ಲ, ಸೋಡಿಯಂ ಅಯಾನ್ ಒಳಗ ನುಗ್ಗೋ ಜೋರಿನ ಮ್ಯಾಲೆ ಪ್ರೋಲೀನ್ ಅನ್ನೋ ಅಮೈನೋ ಆಸಿಡನ್ನೂ ಜೊತಿಗೆ ಎಳಕೊಂಡು ಬರೋದು, ಅದು ಎಷ್ಟು ಒಳಗ ಎಳೀತೈತಿ ಅಂತ ಅಳೀಬೇಕು. ಸಿ-14 (ರೇಡಿಯೋಆಕ್ಟಿವ್ ಕಾರ್ಬನ್) ಇರೋ ಪ್ರೋಲೀನ್ ಹಾಕಿ ಫಿಲ್ಟರ್ ಮಾಡಿ ಎಣಸ್ತೀನಿ. ಆದ್ರ ಸೋಡಿಯಂ ಕ್ಲೋರೈಡ್ ಹಾಕಿದ್ದು, ಹಾಕದ್ದು ಎರಡೂ ಒಂದ ನಮೂನಿ ಬರ್ತಾವು, ಮೂರು ವಾರ ಆತು ಇದರಾಗ ಸಿಕ್ಕೊಂಡು. ಸಿಸಿಸಿಪಿ (ಪೊರಿಯೊಳಗಿಂದ ಪ್ರೋಟಾನ್ ಸೋರಿಸೋ ಕೆಮಿಕಲ್) ಹಾಕಿದ್ರ ಪೂರಾ ನಿಂತುಬಿಡ್ತೈತಿ, ಅದಕ್ಕ ನಮ್ ಸೀನಿಯರ್ ಇದು ಪ್ರೋಟಾನ್ ಮ್ಯಾಲೆ ನಡಿಯೋದು ಅಂತಾರ. ಬಫರ್ (ಪಿಎಚ್ ಬದಲಾಗದಂಗ ಹಿಡಿಯೋ ದ್ರಾವಣ) ಟ್ರಿಸ್-ಮೆಸ್, ಪಿಎಚ್ 6, ಎನರ್ಜಿಗೆ 20 ಮಿಲಿಮೋಲಾರ್ ಡಿ-ಲ್ಯಾಕ್ಟೇಟ್.

ಮುಂಬೈ_ಕರಾವಳಿ:
ತಂಗಿ, ಮೊದ್ಲು ಲ್ಯಾಕ್ಟೇಟ್ ಬಾಟ್ಲಿಯ ಲೇಬಲ್ ನೋಡಿ. ಸೋಡಿಯಂ ಸಾಲ್ಟ್ ಅಂತ ಉಂಟಾ? ಹಾಗಿದ್ರೆ ಸೋಡಿಯಂ ಇಲ್ಲ ಅಂತ ನೀವು ಬರ್ದಿಟ್ಟ ಟ್ಯೂಬಲ್ಲೇ 20 ಮಿಲಿಮೋಲಾರ್ ಸೋಡಿಯಂ ಉಂಟು. ಪುಟ್‌ಪಿಗೆ ಹತ್ತಾರು ಮೈಕ್ರೋಮೋಲಾರ್ ಇದ್ರೂ ಸಾಕು, ಅದಕ್ಕೆ ಅಷ್ಟು ಆಸೆ ಸೋಡಿಯಂ ಮೇಲೆ.
ಸಿಸಿಸಿಪಿ ವಿಷಯದಲ್ಲಿ ನಿಮ್ಮ ಸೀನಿಯರ್ ಮಾತು ಒಪ್ಲಿಕ್ಕೆ ಆಗುದಿಲ್ಲ. ಇ. ಕೋಲೈ ಉಸಿರಾಟದಿಂದ ಹೊರಗೆ ತಳ್ಳುದು ಪ್ರೋಟಾನನ್ನು, ಆಮೇಲೆ ಎನ್‌ಎಚ್‌ಎಎ ಅಂತ ಇನ್ನೊಂದು ಪ್ರೋಟೀನ್ ಎರಡು ಪ್ರೋಟಾನ್ ಒಳಗೆ ಬಿಟ್ಟು ಒಂದು ಸೋಡಿಯಂ ಹೊರಗೆ ಹಾಕ್ತದೆ. ಸಿಸಿಸಿಪಿ ಹಾಕಿ ಪ್ರೋಟಾನ್ ಸೋರಿ ಹೋದ್ರೆ ಪೊರೆಯ ವೋಲ್ಟೇಜ್ ಹೋಯ್ತು, ಸೋಡಿಯಂ ಹೊರಗೆ ಹಾಕುವ ಶಕ್ತಿಯೂ ಹೋಯ್ತು. ಕೆರೆಯೇ ಬತ್ತಿದ ಮೇಲೆ ಗದ್ದೆಗೆ ಯಾವ ಕಾಲುವೆಯಿಂದ ನೀರು ಬರ್ತಿತ್ತು ಅಂತ ಹೇಗೆ ಹೇಳುದು?

ಗೋವಾ_ವಿಬ್ರಿಯೋ:
ಮೇಲಿನವರು ಹೇಳಿದ್ದು ಸರಿ. ನಾನು ಕಾರವಾರದವ, ಇಲ್ಲಿ ಪಣಜಿ ಹತ್ರ ಸಮುದ್ರದ ಬ್ಯಾಕ್ಟೀರಿಯಾ ಜೊತೆ ಕೆಲಸ. ವಿಬ್ರಿಯೋ ಆಲ್ಜಿನೋಲಿಟಿಕಸ್‌ನಲ್ಲಿ ಎನ್‌ಕ್ಯೂಆರ್ ಅಂತ ಪಂಪ್ ಇದೆ, ಅದು ಉಸಿರಾಟದ ಶಕ್ತಿಯಿಂದ ನೇರವಾಗಿ ಸೋಡಿಯಂ ಹೊರಗೆ ಹಾಕತ್ತೆ, ಹಾಗಾಗಿ ಪಿಎಚ್ 8.5ರಲ್ಲಿ ಸಿಸಿಸಿಪಿ ಹಾಕಿದ್ರೂ ಅದಕ್ಕೆ ನಡಿಯತ್ತೆ. ಅಲ್ಲಿ ಆ ಪರೀಕ್ಷೆಗೆ ಅರ್ಥ ಇದೆ, ಇ. ಕೋಲೈಯಲ್ಲಿ ಇಲ್ಲ.

ಪುಣೆ_ಬಯೋಕೆಮ್:
ಸರ್, ಖರೇನ ಸೋಡಿಯಂ ಸಾಲ್ಟ್ ಇತ್ತು ರೀ! ಮತ್ತ ಪಿಎಚ್ ಹೊಂದಸಾಕ ಯಾರೋ ಸೋಡಿಯಂ ಹೈಡ್ರಾಕ್ಸೈಡ್ ಹಾಕಿದ್ರಂತ. ಎರಡೂ ಬಿಟ್ಟು, ಪಕ್ಕದ ಲ್ಯಾಬಿನ್ಯಾಗ ಲಿಥಿಯಂ ಲ್ಯಾಕ್ಟೇಟ್ ಸಿಕ್ತು, ಅದನ್ನ ಹಾಕಿದೆ. ಆದ್ರೂ ಅಷ್ಟಕ್ಕಷ್ಟ ಐತಿ. ಅಳೂನ ಬರಾಕತ್ತೈತಿ.

ಮುಂಬೈ_ಕರಾವಳಿ:
ಅಳ್ಬೇಡಿ, ಇದು ತುಂಬಾ ಜನ ಬೀಳುವ ಹೊಂಡ. ಸೋಡಿಯಂ ಕೂರುವ ಜಾಗದಲ್ಲಿ ಲಿಥಿಯಂ ಸಹ ಕೂರ್ತದೆ, ಪುಟ್‌ಪಿ ಅದ್ರ ಮೇಲೂ ಪ್ರೋಲೀನ್ ಎಳಿತದೆ. ಮೆಲಿಬಯೋಸ್ ಸಾಗಿಸುವ ಮೆಲ್‌ಬಿ ಸಹ ಹಾಗೇ, ಸೋಡಿಯಂ, ಲಿಥಿಯಂ, ಪ್ರೋಟಾನ್ ಮೂರೂ ಆಗ್ತದೆ ಅದಕ್ಕೆ. ಡಿ-ಲ್ಯಾಕ್ಟಿಕ್ ಆಸಿಡ್ ತಗೊಂಡು ಟ್ರಿಸ್ ಬೇಸಿನಿಂದಲೇ ನ್ಯೂಟ್ರಲ್ ಮಾಡಿ, ಪಿಎಚ್ ಸಹ ಟ್ರಿಸ್‌ನಿಂದಲೇ ಹೊಂದಿಸಿ. ಗಾಜಿನಿಂದಲೂ ಸೋಡಿಯಂ ಬಿಡ್ತದೆ, ಎಲ್ಲ ಪ್ಲಾಸ್ಟಿಕ್ ಬಾಟ್ಲಿಗೆ ಹಾಕಿ. ಕೋಶಗಳನ್ನು ಆ ಬಫರಲ್ಲೇ ಎರಡ್ಮೂರು ಸಲ ತೊಳೀರಿ, ಬೆಳೆಸಿದ ಮೀಡಿಯಂನ ಉಪ್ಪು ಅಂಟಿರ್ತದೆ. ಆಮೇಲೆ ಬಫರನ್ನು ಸೋಡಿಯಂ ಅಳೆಯುವ ಫ್ಲೇಮ್ ಫೋಟೋಮೀಟರಿಗೆ ಕೊಡಿ, ಲೇಬಲ್ ನಂಬುದು ಬೇಡ.

ಗೋವಾ_ವಿಬ್ರಿಯೋ:
ಇನ್ನೊಂದು, ಉಪ್ಪಿನ ಬದಲಿಗೆ ಕೋಲೀನ್ ಕ್ಲೋರೈಡ್ ಹಾಕ್ತಿದ್ರೆ ಹುಷಾರು. ಹೊರಗಿನ ಸಾಂದ್ರತೆ ಏರಿದ್ರೆ ಪ್ರೋಪಿ ಅಂತ ಇನ್ನೊಂದು ಸಾಗಾಟದ ಪ್ರೋಟೀನ್ ಎಚ್ಚರ ಆಗತ್ತೆ, ಅದು ಪ್ರೋಟಾನ್ ಮೇಲೆ ಪ್ರೋಲೀನ್ ಎಳಿಯೋದು. ಪ್ರೋಪಿ ಜೀನ್ ತೆಗೆದ ಸ್ಟ್ರೇನ್ ಸಿಕ್ಕಿದ್ರೆ ಅದನ್ನೇ ತಗೊಳ್ಳಿ, ಇಲ್ಲಾಂದ್ರೆ ಗ್ಲೈಸೀನ್ ಬೀಟೈನ್ ಜಾಸ್ತಿ ಹಾಕಿ ನೋಡಿ, ಪ್ರೋಪಿ ದಾರಿ ಅದ್ರಿಂದ ತುಂಬಿಹೋಗತ್ತೆ, ಪುಟ್‌ಪಿ ಅದನ್ನ ಮುಟ್ಟಲ್ಲ.

ಪುಣೆ_ಬಯೋಕೆಮ್:
ಬಂತು ರೀ ಬಂತು! ನಿನ್ನೆ ರಾತ್ರಿ ಮಾಡಿದೆ. ಸೋಡಿಯಂ ಇಲ್ಲದ್ದು ಕೆಳಗ ಮಲಗೇತಿ, 50 ಮಿಲಿಮೋಲಾರ್ ಹಾಕಿದ ಕೂಡ್ಲೆ ಸೀದಾ ಏರ್ತು. ಸ್ವಲ್ಪ ಉಳಿದಿದ್ದು ಬೀಟೈನ್ ಹಾಕಿದ್ರ ಹೋತು, ಅದು ಪ್ರೋಪಿನ ಇರಬೇಕು. ಸೀನಿಯರೂ ಗ್ರಾಫ್ ನೋಡಿ ಒಪ್ಪಿದ್ರು. ಒಂದ ಡೌಟ್, ಕೊನಿಗೆ ನಿಲ್ಲಸಾಕ ತೊಳಿಯೋ ಬಫರಿನ್ಯಾಗ ಲಿಥಿಯಂ ಕ್ಲೋರೈಡ್ ಐತಿ, ಅದರಿಂದೇನರ ತೊಂದ್ರಿ ಆಕ್ಕೈತೇನು?

ಮುಂಬೈ_ಕರಾವಳಿ:
ಐಸಲ್ಲಿಟ್ಟು ತಣ್ಣಗೆ ಹಾಕಿ ಕೂಡ್ಲೇ ಫಿಲ್ಟರ್ ಮಾಡ್ತೀರಲ್ಲ, ಆ ಚಳಿಗೆ ಸಾಗಾಟ ನಿಂತ ಹಾಗೇ, ಹೊರಗಿನ ಸಿ-14 ಸಹ ತೆಳ್ಳಗಾಗ್ತದೆ. ತೊಂದ್ರೆ ಇಲ್ಲ, ಆದ್ರೆ ಎಲ್ಲ ಟ್ಯೂಬಿಗೂ ಅದೇ ಬಫರ್ ಇರ್ಲಿ.